ಹಿಮ್ಮಡಿಯೋ ಮುಂಗಾಲೋ? ಓಡುವಾಗ ಪಾದ ಊರುವ ರೀತಿ: ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಜೊತೆಗೆ ಓಡುವವರೊಬ್ಬರು ಹೇಳಿದರು: "ನೀವು ಹಿಮ್ಮಡಿ ಕುಟ್ಟಿಕೊಂಡು ಓಡ್ತೀರಿ, ಅದಕ್ಕೇ ಮಂಡಿ ನೋವು. ಮುಂಗಾಲಲ್ಲಿ ಓಡಿ ನೋಡಿ." ಮಾರನೇ ದಿನವೇ ತುದಿಗಾಲಲ್ಲಿ ಐದು ಕಿಲೋಮೀಟರ್ ಓಡಿದೆ. ಮಂಡಿ ನೋಯಲಿಲ್ಲ, ನಿಜ. ಆದರೆ ಅದರ ಮರುದಿನ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಬೇಕಾಯಿತು. ಹಟ ಬಿಡದೆ ಇನ್ನೆರಡು ವಾರ ಹಾಗೇ ಓಡಿದೆ. ಕೊನೆಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡು ಒಂದೂವರೆ ತಿಂಗಳು ಓಟವೇ ಇಲ್ಲ.

ಆ ಒಂದೂವರೆ ತಿಂಗಳು ಕೂತು ಓದಿದ್ದು, ಆಮೇಲೆ ನಿಧಾನವಾಗಿ ಮಾಡಿ ನೋಡಿದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ. ಪಾದದ ಯಾವ ಭಾಗ ಮೊದಲು ನೆಲ ಮುಟ್ಟುತ್ತದೆ ಎಂದು ಎಲ್ಲರೂ ಜಗಳ ಆಡುತ್ತಾರೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಪಾದ ನಿಮ್ಮ ಮೈಗೆ ಎಷ್ಟು ಹತ್ತಿರ ಬೀಳುತ್ತದೆ ಎನ್ನುವುದು. ಮುಂದಿನ ಹಂತಗಳೆಲ್ಲ ಇದರ ಸುತ್ತಲೇ ಇವೆ.

ಮೊದಲು ವಿಷಯ ತಿಳಿದುಕೊಳ್ಳೋಣ

ಪಾದ ಊರುವುದರಲ್ಲಿ ಮೂರು ಬಗೆ. ಹಿಮ್ಮಡಿ ಮೊದಲು ನೆಲ ಮುಟ್ಟಿ ಆಮೇಲೆ ಬೆರಳುಗಳ ಕಡೆ ಉರುಳುವುದು ಒಂದು. ಇಡೀ ಅಂಗಾಲು ಹೆಚ್ಚುಕಡಿಮೆ ಒಟ್ಟಿಗೇ ಕೂರುವುದು, ಅಂದರೆ ನಡುಪಾದ, ಇನ್ನೊಂದು. ಬೆರಳುಗಳ ಬುಡದ ದಪ್ಪ ಭಾಗ ಮೊದಲು ಮುಟ್ಟಿ ಹಿಮ್ಮಡಿ ಆಮೇಲೆ ಇಳಿಯುವುದು ಮೂರನೆಯದು. ಇದನ್ನೇ ಮುಂಗಾಲ ಓಟ ಅನ್ನುತ್ತಾರೆ.

ಮುಂಗಾಲ ಓಟಕ್ಕೆ ಇಷ್ಟೊಂದು ಹೆಸರು ಬಂದದ್ದು 2010ರ ಸುಮಾರಿಗೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಅವರ ತಂಡ ಆ ವರ್ಷ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿತು. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಮುಂಗಾಲು ಊರುತ್ತಾರೆ, ಹಾಗೆ ಊರಿದಾಗ ನೆಲ ಮುಟ್ಟಿದ ಕೂಡಲೇ ಬರುವ ಚುರುಕಾದ ಪೆಟ್ಟು ಕಾಣುವುದಿಲ್ಲ ಎಂದು ಅದರಲ್ಲಿತ್ತು. ಜನ ಶೂ ಬಿಚ್ಚಿ ಎಸೆದರು. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲಾ ಮತ್ತೆ ಎಲ್ಲರ ಬಾಯಲ್ಲೂ ಬಂದರು. ಅದೇ ಬಿಕಿಲಾ 1964ರ ಟೋಕಿಯೊದಲ್ಲಿ ಶೂ ಹಾಕಿಕೊಂಡು, ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದದ್ದನ್ನು ಮಾತ್ರ ಯಾರೂ ಜಾಸ್ತಿ ಹೇಳಲಿಲ್ಲ.

ಆಮೇಲೆ ಬಂದ ಲೆಕ್ಕಗಳು ಬೇರೆ ಕಥೆ ಹೇಳಿದವು. 2013ರಲ್ಲಿ ಉತ್ತರ ಕೆನ್ಯಾದ ದಾಸನಚ್ ಜನರನ್ನು ಗಮನಿಸಿದಾಗ, ಬರಿಗಾಲಲ್ಲೇ ಬೆಳೆದ ಅವರಲ್ಲಿ ಬಹುಪಾಲು ಮಂದಿ ಆರಾಮದ ವೇಗದಲ್ಲಿ ಹಿಮ್ಮಡಿಯನ್ನೇ ಊರುತ್ತಿದ್ದರು. 2004ರ ಸಪ್ಪೊರೊ ಹಾಫ್ ಮ್ಯಾರಥಾನ್‌ನಲ್ಲಿ 15 ಕಿ.ಮೀ. ಗುರುತಿನ ಹತ್ತಿರ ಕ್ಯಾಮೆರಾ ಇಟ್ಟು ನೋಡಿದಾಗ, ಓಟಗಾರರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹಿಮ್ಮಡಿಯವರು. 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ ಮ್ಯಾರಥಾನ್‌ನಲ್ಲೂ ಗಂಡಸರು, ಹೆಂಗಸರು ಇಬ್ಬರಲ್ಲೂ ಹಿಮ್ಮಡಿಯವರೇ ಹೆಚ್ಚು. ಜಗತ್ತಿನ ಅತಿ ವೇಗದ ಕಾಲುಗಳೇ ಹೀಗಿರುವಾಗ, "ಹಿಮ್ಮಡಿ ಊರಿದರೆ ತಪ್ಪು" ಅನ್ನುವುದು ಹೇಗೆ?

ಹಾಗಂತ ವ್ಯತ್ಯಾಸವೇ ಇಲ್ಲ ಅಂತಲ್ಲ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನಿಮ್ಮ ತೂಕದ ಸುಮಾರು ಎರಡೂವರೆ ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಅದನ್ನು ಯಾರಾದರೂ ಹೊರಲೇಬೇಕು. ಹಿಮ್ಮಡಿ ಊರಿದರೆ ಮಂಡಿಯ ಪಾಲು ಜಾಸ್ತಿ. ಮುಂಗಾಲು ಊರಿದರೆ ಮೀನಖಂಡ, ಅಕಿಲಿಸ್ ಟೆಂಡನ್ (ಹಿಮ್ಮಡಿಯ ಹಿಂದೆ ಹುರಿಯಂತೆ ಕೈಗೆ ಸಿಗುತ್ತದಲ್ಲ, ಅದು) ಮತ್ತು ಪಾದದ ಸಣ್ಣ ಮೂಳೆಗಳ ಪಾಲು ಜಾಸ್ತಿ. ಹೊರೆ ಮಾಯವಾಗುವುದಿಲ್ಲ, ಹೆಗಲು ಬದಲಿಸುತ್ತದೆ ಅಷ್ಟೆ. ನನ್ನ ಮಂಡಿ ಬಿಟ್ಟ ಭಾರವನ್ನು ನನ್ನ ಮೀನಖಂಡ ರಾತ್ರೋರಾತ್ರಿ ಹೊರಬೇಕಾಗಿ ಬಂತು. ಪಾಪ, ಅದಕ್ಕೆ ತಯಾರಿಯೇ ಇರಲಿಲ್ಲ.

ಹಂತ 1: ಬದಲಾಯಿಸಬೇಕಾ ಅಂತ ಕೇಳಿಕೊಳ್ಳಿ

ನೋವಿಲ್ಲದೆ ಓಡುತ್ತಿದ್ದರೆ, ವೇಗವೂ ನಿಧಾನವಾಗಿ ಸುಧಾರಿಸುತ್ತಿದ್ದರೆ, ಪಾದ ಊರುವ ರೀತಿಗೆ ಕೈ ಹಾಕಬೇಡಿ. ದಿನವೂ ಓಡುವವರ ದೇಹ ತನಗೆ ಕಡಿಮೆ ಶ್ರಮದ ಹೆಜ್ಜೆಯನ್ನು ತಾನೇ ಹುಡುಕಿಕೊಂಡಿರುತ್ತದೆ. ಹಿಮ್ಮಡಿ ಓಟಗಾರರನ್ನು ಬಲವಂತವಾಗಿ ಮುಂಗಾಲಲ್ಲಿ ಓಡಿಸಿದ ಪ್ರಯೋಗಗಳಲ್ಲಿ ಆಮ್ಲಜನಕದ ಖರ್ಚು ಕಡಿಮೆಯಾಗಲಿಲ್ಲ. ಸಾಧಾರಣ ವೇಗದಲ್ಲಿ ಇನ್ನಷ್ಟು ಏರಿತು.

ಮಂಡಿಯ ಮುಂಭಾಗ ಅಥವಾ ಮಂಡಿಯ ಕೆಳಗಿನ ಮೂಳೆ ಪದೇ ಪದೇ ನೋಯುತ್ತಿದ್ದರೆ, ಹೆಜ್ಜೆ ಹಾಕಿದಾಗಲೆಲ್ಲ ಬ್ರೇಕ್ ಹಿಡಿದಂತೆ ಅನಿಸುತ್ತಿದ್ದರೆ ಮುಂದಕ್ಕೆ ಓದಿ. ಈಗಾಗಲೇ ಅಕಿಲಿಸ್ ಅಥವಾ ಮೀನಖಂಡದ ತೊಂದರೆ ಇದ್ದವರು ಮುಂಗಾಲ ಓಟದ ಆಸೆ ಸದ್ಯಕ್ಕೆ ಬಿಡುವುದು ಒಳ್ಳೆಯದು. ಲಯ ಮತ್ತು ನಿಲುವಿನ ಹಂತಗಳು ಅವರಿಗೂ ಉಪಯೋಗಕ್ಕೆ ಬರುತ್ತವೆ.

ಹಂತ 2: ನಿಮ್ಮನ್ನು ನೀವೇ ನೋಡಿ

"ನಾನು ನಡುಪಾದ ಊರುತ್ತೇನೆ" ಅನ್ನುವವರಲ್ಲಿ ಎಷ್ಟೋ ಜನ ವಿಡಿಯೋ ನೋಡಿ ಬೆಚ್ಚಿಬೀಳುತ್ತಾರೆ. ನಾನೂ ಬಿದ್ದೆ. ಅನಿಸಿಕೆಯನ್ನು ನಂಬಬೇಡಿ, ಫೋನನ್ನು ನಂಬಿ.

ಫೋನನ್ನು ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವಂತೆ, ನೀವು ಓಡುವ ದಾರಿಯ ಮಗ್ಗುಲಿಗೆ ಐದಾರು ಮೀಟರ್ ದೂರದಲ್ಲಿ ಇಡಿ. ಸ್ಲೋ ಮೋಷನ್ ಆನ್ ಮಾಡಿ; ಸೆಕೆಂಡಿಗೆ 120 ಫ್ರೇಮ್ ಸಾಕು, 240 ಇದ್ದರೆ ಇನ್ನೂ ಒಳ್ಳೆಯದು. ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಫ್ರೇಮ್. ಪಾದ ನೆಲದ ಮೇಲಿರುವುದೇ ಕಾಲು ಸೆಕೆಂಡಿನ ಆಸುಪಾಸು, ಹಾಗಾಗಿ ಮುಟ್ಟುವ ಕ್ಷಣ ಅದರಲ್ಲಿ ತಪ್ಪಿಹೋಗುತ್ತದೆ. ಹತ್ತು ನಿಮಿಷ ಓಡಿ ಮೈ ಬಿಸಿಯಾದ ಮೇಲೆ ಫೋನಿನ ಮುಂದೆ ಐದಾರು ಸಲ ಹಾದುಹೋಗಿ. ಮೊದಲ ಎರಡು ಸಲ ಎಲ್ಲರೂ ನಟಿಸುತ್ತಾರೆ, ಅವನ್ನು ಅಳಿಸಿಬಿಡಿ. ಸಾಧ್ಯವಾದರೆ ಉದ್ದದ ಓಟದ ಕೊನೆಯಲ್ಲೂ ಒಂದು ಸಲ ತೆಗೆಯಿರಿ. ಸುಸ್ತಾದಾಗಿನ ಓಟದಲ್ಲಿ ನಟನೆ ಇರುವುದಿಲ್ಲ.

ಈಗ ಒಂದೊಂದೇ ಫ್ರೇಮ್ ಸರಿಸಿ, ಪಾದ ನೆಲ ಮುಟ್ಟಿದ ಮೊದಲ ಫ್ರೇಮಿನಲ್ಲಿ ನಿಲ್ಲಿಸಿ. ಆ ಚಿತ್ರದ ಮೇಲೆ ಮಂಡಿಯಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಫೋನಿನ ಎಡಿಟ್‌ನಲ್ಲಿ ಪೆನ್ ಇರುತ್ತದಲ್ಲ, ಅದೇ ಸಾಕು. ಗೆರೆ ಹಿಮ್ಮಡಿಯ ಹತ್ತಿರ ಬಿದ್ದರೆ, ಅಂದರೆ ಮಂಡಿಯ ಕೆಳಗಿನ ಕಾಲು ನೆಟ್ಟಗೆ ನಿಂತಿದ್ದರೆ ಚೆನ್ನಾಗಿದೆ. ಪಾದ ಗೆರೆಯನ್ನು ದಾಟಿ ಮುಂದೆ ಚಾಚಿಕೊಂಡಿದ್ದರೆ ಅದು ದಾಪುಗಾಲು. ಆಗ ಮಂಡಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಬೆರಳುಗಳು ಆಕಾಶ ನೋಡುತ್ತಿರುತ್ತವೆ. ಮಡಚಿದ ಮಂಡಿ ಸ್ಪ್ರಿಂಗ್‌ನಂತೆ ಪೆಟ್ಟು ನುಂಗುತ್ತದೆ. ನೆಟ್ಟಗಿನ ಮಂಡಿ ಊರುಗೋಲಿನಂತೆ, ನೆಲದ ಪೆಟ್ಟನ್ನು ಹಾಗೇ ಮೇಲಕ್ಕೆ ದಾಟಿಸುತ್ತದೆ. ಜೊತೆಗೆ ಮುಂದಕ್ಕೆ ಹೋಗುತ್ತಿರುವ ಮೈಯನ್ನು ಹಿಂದಕ್ಕೆ ತಳ್ಳುತ್ತದೆ. ಕಳೆದುಕೊಂಡ ಆ ವೇಗವನ್ನು ಪ್ರತಿ ಹೆಜ್ಜೆಯಲ್ಲೂ ಮತ್ತೆ ಸಂಪಾದಿಸಬೇಕು.

ಇಬ್ಬರು ಹಿಮ್ಮಡಿಯವರನ್ನೇ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಅರ್ಥವಾಗುತ್ತದೆ. ಒಬ್ಬರ ಹಿಮ್ಮಡಿ ಮಂಡಿಯ ಕೆಳಗೆ ಮೆತ್ತಗೆ ಇಳಿಯುತ್ತದೆ, ಇನ್ನೊಬ್ಬರದು ಒಂದಡಿ ಮುಂದೆ ಹೋಗಿ ದಬ್ ಅಂತ ಬೀಳುತ್ತದೆ. ಇಬ್ಬರಿಗೂ ಒಂದೇ ಹೆಸರು. ಮುಂಗಾಲಲ್ಲೂ ದಾಪುಗಾಲು ಹಾಕಬಹುದು, ಅದು ಇನ್ನೂ ಕೆಟ್ಟದ್ದು. ಕಾಲು ಮುಂದೆ ಚಾಚಿ ಬೆರಳು ಕೆಳಗೆ ಮಾಡಿ ಊರುವುದು. ನಾನು ಎರಡು ವಾರ ಮಾಡಿದ್ದು ಅದನ್ನೇ ಅಂತ ಆಮೇಲೆ ಗೊತ್ತಾಯಿತು.

ಶೂವಿನ ಹಿಮ್ಮಡಿ ಹೊರಮಗ್ಗುಲಲ್ಲಿ ಸವೆದಿರುವುದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ನಡೆಯುವಾಗಲೂ ಅಲ್ಲೇ ಸವೆಯುತ್ತದೆ.

ಹಂತ 3: ಲಯ ಎಣಿಸಿ, ಸ್ವಲ್ಪ ಏರಿಸಿ

ಇಡೀ ಬರಹದಲ್ಲಿ ಒಂದೇ ಒಂದು ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ನಿಮ್ಮ ಮಾಮೂಲಿ ವೇಗದಲ್ಲಿ ಓಡುತ್ತಾ, ಅರ್ಧ ನಿಮಿಷದಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಣಿಸಿ. ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. ಇದೇ ಕೇಡೆನ್ಸ್. 40 ಸಲ ಅಂದರೆ ನಿಮಿಷಕ್ಕೆ 160.

180 ಎನ್ನುವ ಸಂಖ್ಯೆ ನಿಮ್ಮ ಕಿವಿಗೂ ಬಿದ್ದಿರಬಹುದು. ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದಾಗ ಹೆಚ್ಚುಕಡಿಮೆ ಎಲ್ಲರೂ 180 ಅಥವಾ ಅದಕ್ಕಿಂತ ಮೇಲಿದ್ದರು. ಆದರೆ ಅವರು ಪದಕಕ್ಕಾಗಿ ಓಡುತ್ತಿದ್ದವರು. ನಿಧಾನದ ಜಾಗಿಂಗ್‌ನಲ್ಲಿ ಅದೇ ಜನರೂ ಕೆಳಗಿಳಿಯುತ್ತಾರೆ. ಉದ್ದ ಕಾಲಿನವರ ಲಯ ಸಹಜವಾಗಿಯೇ ಕಡಿಮೆ. ಹಾಗಾಗಿ 180ರ ಬೆನ್ನು ಹತ್ತಬೇಡಿ. ನಿಮ್ಮ ಈಗಿನ ಸಂಖ್ಯೆಗೆ ಶೇ. 5 ಸೇರಿಸಿ. 160 ಇದ್ದವರಿಗೆ 168, ಅಂದರೆ ಅರ್ಧ ನಿಮಿಷಕ್ಕೆ ಬಲಗಾಲು 40ರ ಬದಲು 42 ಸಲ.

ಎರಡು ಹೆಜ್ಜೆಯಿಂದ ಏನಾಗುತ್ತದೆ ಅನಿಸಬಹುದು. ಗಂಟೆಗೆ 10 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 160 ಹೆಜ್ಜೆಯಾದರೆ ಒಂದು ಹೆಜ್ಜೆ ಸುಮಾರು 104 ಸೆಂ.ಮೀ. 168 ಆದರೆ 99 ಸೆಂ.ಮೀ. ಹೆಜ್ಜೆಗೆ ಐದು ಸೆಂಟಿಮೀಟರ್ ಕಡಿಮೆಯಾಯಿತು. ಮುಂದೆ ಚಾಚುತ್ತಿದ್ದ ಪಾದ ತಾನಾಗೇ ಹಿಂದೆ ಸರಿಯಿತು, ನೀವು ಪಾದದ ಬಗ್ಗೆ ಯೋಚನೆಯನ್ನೇ ಮಾಡದೆ. ಲಯವನ್ನು ಶೇ. 5ರಿಂದ 10 ಏರಿಸಿ ನೋಡಿದ 2011ರ ಒಂದು ಅಧ್ಯಯನದಲ್ಲಿ ಮಂಡಿ ಮತ್ತು ಸೊಂಟದ ಕೀಲಿನ ಮೇಲಿನ ಹೊರೆ ಚೆನ್ನಾಗಿ ಇಳಿದಿತ್ತು. ಮೈ ಮೇಲಕ್ಕೆ ಕೆಳಕ್ಕೆ ಪುಟಿಯುವುದೂ ಕಡಿಮೆಯಾಗುತ್ತದೆ.

ಫೋನಿನಲ್ಲಿ ಮೆಟ್ರೊನೋಮ್ ಆಪ್ ಹಾಕಿಕೊಂಡು ನಿಮ್ಮ ಹೊಸ ಸಂಖ್ಯೆಗೆ (ಮೇಲಿನ ಲೆಕ್ಕದಲ್ಲಿ 168ಕ್ಕೆ) ಇಡಿ. ಒಂದು ನಿಮಿಷ ಅದರ ಟಿಕ್ ಟಿಕ್ ಜೊತೆ ಓಡಿ, ನಾಲ್ಕು ನಿಮಿಷ ಬಿಟ್ಟುಬಿಡಿ, ಮತ್ತೆ ಒಂದು ನಿಮಿಷ. ಇಡೀ ಓಟಕ್ಕೆ ಕಿವಿಯಲ್ಲಿ ಟಿಕ್ ಟಿಕ್ ಇಟ್ಟುಕೊಂಡರೆ ತಲೆ ಕೆಡುತ್ತದೆ. ಎಲ್ಲರೂ ಮಾಡುವ ಒಂದು ತಪ್ಪಿದೆ: ಲಯ ಏರಿಸಲು ಹೋಗಿ ವೇಗವನ್ನೂ ಏರಿಸುವುದು. ಆಗ ಹೆಜ್ಜೆ ಚಿಕ್ಕದಾಗುವುದೇ ಇಲ್ಲ. ಟ್ರೆಡ್‌ಮಿಲ್ ಸಿಕ್ಕರೆ ವೇಗವನ್ನು ಒಂದೇ ಕಡೆ ನಿಲ್ಲಿಸಿ ಅಭ್ಯಾಸ ಮಾಡಿ. ಇಲ್ಲದಿದ್ದರೆ ಉಸಿರನ್ನು ಗಮನಿಸಿ. ಮಾತಾಡಲು ಆಗದಷ್ಟು ಏದುಸಿರು ಬಂದರೆ ನೀವು ಜೋರಾಗಿ ಓಡುತ್ತಿದ್ದೀರಿ. ಮೊದಮೊದಲು ಕಾಲು ತೊಡರಿದಂತೆ, ಪುಟ್ಟ ಪುಟ್ಟ ಹೆಜ್ಜೆ ಇಟ್ಟು ನಗೆಪಾಟಲಾದಂತೆ ಅನಿಸುತ್ತದೆ. ಮೂರನೇ ವಾರದ ಹೊತ್ತಿಗೆ ಅದು ಹೋಗುತ್ತದೆ.

ಹಂತ 4: ಸೊಂಟದಿಂದ ಮೇಲೆ

ನೆಟ್ಟಗೆ ನಿಲ್ಲಿ. ಸೊಂಟ ಬಗ್ಗಿಸದೆ, ಇಡೀ ಮೈಯನ್ನು ಒಂದೇ ಹಲಗೆಯಂತೆ, ಪಾದದ ಕೀಲಿನಿಂದ ಮುಂದಕ್ಕೆ ವಾಲಿಸಿ. ಇನ್ನೇನು ಬೀಳುತ್ತೇನೆ ಅನ್ನುವಾಗ ಒಂದು ಕಾಲು ತಾನಾಗೇ ಮುಂದೆ ಬರುತ್ತದೆ ಅಲ್ವಾ? ಅದು ಬಿದ್ದ ಜಾಗವೇ ನಿಮಗೆ ಬೇಕಾದ ಜಾಗ. ಓಡುವಾಗ ಇಷ್ಟೊಂದು ವಾಲುವುದು ಬೇಡ, ಅದರ ನೆನಪು ಮೈಯಲ್ಲಿದ್ದರೆ ಸಾಕು. ಸೊಂಟದಲ್ಲಿ ಮುರಿದು ಬಾಗಿದರೆ ಮಾತ್ರ ಎಲ್ಲ ಉಲ್ಟಾ. ಪೃಷ್ಠ ಹಿಂದಕ್ಕೆ ಹೋಗುತ್ತದೆ, ಅದನ್ನು ಸರಿದೂಗಿಸಲು ಕಾಲು ಮತ್ತೆ ಮುಂದಕ್ಕೆ ಚಾಚುತ್ತದೆ.

ಕಣ್ಣು ಹದಿನೈದಿಪ್ಪತ್ತು ಮೀಟರ್ ಮುಂದೆ ಇರಲಿ. ಹೆಗಲು ಕಿವಿಯ ಹತ್ತಿರ ಏರಿದ್ದರೆ ಒಮ್ಮೆ ಕೈ ಜೋತುಬಿಟ್ಟು ಒದರಿ. ಮೊಣಕೈ ಸುಮಾರು ಲಂಬಕೋನದಲ್ಲಿ ಮಡಚಿರಲಿ, ಮುಷ್ಟಿ ಗುಬ್ಬಿಮರಿ ಹಿಡಿದಷ್ಟು ಸಡಿಲ.

ಕೈ ಬೀಸುವುದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2014ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಕೈ ಬೀಸದೆ ಓಡಿಸಿ ಶಕ್ತಿಯ ಖರ್ಚು ಅಳೆದರು. ಕೈ ಬೆನ್ನ ಹಿಂದೆ ಕಟ್ಟಿದಾಗ ಶೇ. 3, ಎದೆಯ ಮೇಲೆ ಕಟ್ಟಿದಾಗ ಶೇ. 9, ತಲೆಯ ಮೇಲೆ ಇಟ್ಟಾಗ ಶೇ. 13 ಖರ್ಚು ಏರಿತು. ಕಾಲಿನ ತಿರುಚುವಿಕೆಯನ್ನು ಕೈ ಸರಿದೂಗಿಸುತ್ತದೆ. ಕೈ ಎದೆಯ ನಡುಗೆರೆ ದಾಟಿ ಆ ಕಡೆ ಹೋಗುತ್ತಿದ್ದರೆ ಮುಂಡವೂ ತಿರುಗುತ್ತಿರುತ್ತದೆ. ಮೊಣಕೈಯನ್ನು ಹಿಂದಕ್ಕೆ ಎಳೆಯುವುದರ ಮೇಲೆ ಗಮನ ಇಡಿ, ಮುಂದಕ್ಕೆ ಅದೇ ಬರುತ್ತದೆ.

ಹಂತ 5: ಪಾದ ನೆಲ ಮುಟ್ಟುವಾಗ

ಇಲ್ಲಿವರೆಗಿನದು ಸರಿಯಾದರೆ ಪಾದಕ್ಕೆ ಹೇಳಿಕೊಡುವುದು ಜಾಸ್ತಿ ಉಳಿದಿರುವುದಿಲ್ಲ. ಒಂದು ಓಟಕ್ಕೆ ಒಂದೇ ಸೂಚನೆ ಇಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು "ಸದ್ದು ಕಡಿಮೆ ಮಾಡು". ಹಾಡು ಆಫ್ ಮಾಡಿ ನಿಮ್ಮ ಹೆಜ್ಜೆ ಕೇಳಿಸಿಕೊಳ್ಳಿ. ದಬ್ ದಬ್ ಅನ್ನುವುದನ್ನು ಟಪ್ ಟಪ್‌ಗೆ ಇಳಿಸಿ. ಹೇಗೆ ಅಂತ ಯೋಚಿಸಬೇಡಿ, ಸದ್ದು ಇಳಿಸಲು ಕಾಲು ತಾನೇ ದಾರಿ ಹುಡುಕುತ್ತದೆ. ಮಂಡಿ ಸ್ವಲ್ಪ ಮಡಚುತ್ತದೆ, ಹೆಜ್ಜೆ ಹತ್ತಿರ ಬರುತ್ತದೆ. ಇನ್ನು ಕೆಲವರಿಗೆ "ನೆಲವನ್ನು ಹಿಂದಕ್ಕೆ ತಳ್ಳು" ಅನ್ನುವುದು ಸರಿಹೋಗುತ್ತದೆ. "ಬೆರಳಲ್ಲಿ ಊರು" ಎಂಬ ಸೂಚನೆ ಮಾತ್ರ ಯಾರಿಗೂ ಬೇಡ.

ಮುಂಗಾಲು ಊರುವವರೂ ಹಿಮ್ಮಡಿಯನ್ನು ನೆಲಕ್ಕೆ ಇಳಿಯಲು ಬಿಡಬೇಕು. ಹಿಮ್ಮಡಿ ಇಳಿಯುವಾಗ ಅಕಿಲಿಸ್ ಟೆಂಡನ್ ರಬ್ಬರಿನಂತೆ ಹಿಗ್ಗಿ ಶಕ್ತಿ ಕೂಡಿಡುತ್ತದೆ, ಕಾಲು ಎತ್ತುವಾಗ ವಾಪಸ್ ಕೊಡುತ್ತದೆ. 1987ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಂದಾಜಿನ ಪ್ರಕಾರ, ಪಾದ ನೆಲದ ಮೇಲಿರುವಾಗ ಕೈಬದಲಾಗುವ ಶಕ್ತಿಯಲ್ಲಿ ಸುಮಾರು ಶೇ. 35ನ್ನು ಅಕಿಲಿಸ್ ಟೆಂಡನ್, ಶೇ. 17ನ್ನು ಅಂಗಾಲಿನ ಕಮಾನು ಹೀಗೆ ಕೂಡಿಟ್ಟು ಕೊಡುತ್ತವೆ. ಪುಕ್ಕಟೆ ಸಿಗುವ ಶಕ್ತಿ ಇದು. ಹಿಮ್ಮಡಿಯನ್ನು ಬಿಗಿಹಿಡಿದು ಮೇಲೇ ಇಟ್ಟುಕೊಂಡರೆ ಮೀನಖಂಡ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ.

ಹಂತ 6: ಅಭ್ಯಾಸ ಮತ್ತು ಬಲ

ಓಡುವ ಮುಂಚೆ ಮೂವತ್ತು ಸೆಕೆಂಡು ಸ್ಕಿಪ್ಪಿಂಗ್ ಮಾಡಿ, ಹಗ್ಗ ಇಲ್ಲದಿದ್ದರೂ ಸುಮ್ನೆ ಜಾಗದಲ್ಲೇ ಜಿಗಿಯಿರಿ. ಮಂಡಿ ನೆಟ್ಟಗಿಟ್ಟು ಹಿಮ್ಮಡಿಯ ಮೇಲೆ ಜಿಗಿಯಲು ಯಾರಿಗೂ ಆಗುವುದಿಲ್ಲ! ಹಾಗೇ ಜಿಗಿಯುತ್ತಾ ಪಾದದ ಕೀಲಿನಿಂದ ಮುಂದೆ ವಾಲಿ, ಓಟಕ್ಕೆ ಇಳಿಯಿರಿ. ವಾರಕ್ಕೆ ಎರಡು ಸಲ ಓಟದ ಕೊನೆಗೆ ಇಪ್ಪತ್ತು ಸೆಕೆಂಡಿನ ನಾಲ್ಕು ಚುರುಕು ಓಟ ಸೇರಿಸಿ, ಪೂರ್ತಿ ಬಲ ಹಾಕುವುದು ಬೇಡ. ಗಾಜು ಕಲ್ಲು ಇಲ್ಲದ ಹುಲ್ಲು ಸಿಕ್ಕರೆ ಐದು ನಿಮಿಷ ಬರಿಗಾಲಲ್ಲಿ ಓಡಿ. ಐದೇ ನಿಮಿಷ.

ಬಲದ ವ್ಯಾಯಾಮವನ್ನು ಬಿಡುವಂತಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿಟ್ಟು ನಿಂತು ಹಿಮ್ಮಡಿ ಎತ್ತಿ, ಮೂರು ಸೆಕೆಂಡು ತೆಗೆದುಕೊಂಡು ಇಳಿಸಿ. ಮೊದಲು ಎರಡೂ ಕಾಲು, ಆಮೇಲೆ ಒಂದೊಂದು ಕಾಲು. 12ರಿಂದ 15ರ ಮೂರು ಸುತ್ತು, ವಾರಕ್ಕೆ ಮೂರು ದಿನ. ಸುತ್ತುಗಳಲ್ಲಿ ಅರ್ಧದಷ್ಟನ್ನು ಮಂಡಿ ಮಡಚಿ ಮಾಡಿ. ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಸ್ನಾಯುವಿಗೆ ಹೆಚ್ಚಿನ ಪಾಲು ಕೆಲಸ ಸಿಗುವುದು ಆಗಲೇ, ಓಟದಲ್ಲಿ ಜಾಸ್ತಿ ದುಡಿಯುವುದೂ ಅದೇ. ಒಂದೇ ಕಾಲಲ್ಲಿ, ನಡುವೆ ಬಿಡುವು ಕೊಡದೆ 20-25 ಸಲ ಹಿಮ್ಮಡಿ ಎತ್ತಲು ಬರುವ ತನಕ ಮುಂಗಾಲ ಓಟದ ಪ್ರಯೋಗ ಮುಂದೂಡಿ. ನಾನು ಆಗ ಲೆಕ್ಕ ಹಾಕಿದ್ದರೆ ಒಂಬತ್ತೋ ಹತ್ತೋ ಆಗುತ್ತಿತ್ತು.

ಹಂತ 7: ವಾರದ ಲೆಕ್ಕ

ಗಂಟೆಗೆ ಹತ್ತು ಸಾವಿರ ಹೆಜ್ಜೆ ಹಾಕುವ ಚಟುವಟಿಕೆ ಇದು. ಚಿಕ್ಕ ಬದಲಾವಣೆಯೂ ಐದು ಸಾವಿರ ಸಲ ಒಂದೊಂದು ಕಾಲಿಗೆ ಬೀಳುತ್ತದೆ. ಶುರುವಿನಲ್ಲಿ ವಾರದ ಒಟ್ಟು ದೂರವನ್ನು ಕಾಲು ಭಾಗ ಇಳಿಸಿ. ಮೊದಲ ಎರಡು ವಾರ ಪ್ರತಿ ಐದು ನಿಮಿಷಕ್ಕೆ ಒಂದು ನಿಮಿಷ ಹೊಸ ಲಯ. ಮೂರು, ನಾಲ್ಕನೇ ವಾರ ಎರಡು ನಿಮಿಷ. ಆಮೇಲೆ ಅರ್ಧ ಓಟ. ಎಂಟು ಹತ್ತು ವಾರಕ್ಕೆ ಪೂರ್ತಿ. ಇದು ಲಯ ಮತ್ತು ಹೆಜ್ಜೆಯ ಉದ್ದಕ್ಕೆ. ಹಿಮ್ಮಡಿಯಿಂದ ಮುಂಗಾಲಿಗೆ ನಿಜವಾಗಿಯೂ ಹೋಗಬೇಕೆಂದರೆ ಇದರ ಎರಡು ಪಟ್ಟಾದರೂ ಬೇಕು, ಆ ಹೊತ್ತಲ್ಲಿ ಸ್ಪರ್ಧೆ ಇಟ್ಟುಕೊಳ್ಳಬೇಡಿ.

ಶೂ ಬದಲಾಯಿಸುವವರಿಗೂ ಇದೇ ಮಾತು. ಹಿಮ್ಮಡಿಯ ಕಡೆ ಸೋಲ್ ಮುಂಭಾಗಕ್ಕಿಂತ ಎಷ್ಟು ಎತ್ತರ ಇದೆಯೋ ಅದಕ್ಕೆ ಡ್ರಾಪ್ ಅನ್ನುತ್ತಾರೆ. ಮಾಮೂಲಿ ಶೂಗಳಲ್ಲಿ 8ರಿಂದ 12 ಮಿ.ಮೀ. ಇರುತ್ತದೆ. ಅದರಿಂದ ಒಮ್ಮೆಗೇ ಸೊನ್ನೆಗೆ ಇಳಿದರೆ ಅಕಿಲಿಸ್‌ಗೆ ಹೊರೆ ಏರುತ್ತದೆ. 2013ರ ಒಂದು ಅಧ್ಯಯನದಲ್ಲಿ ಹತ್ತು ವಾರಗಳಲ್ಲಿ ತೆಳು ಸೋಲಿನ ಶೂಗೆ ಬದಲಾದ 19 ಮಂದಿಯಲ್ಲಿ 10 ಮಂದಿಯ ಪಾದದ ಮೂಳೆಗಳ ಒಳಗೆ ಊತ ಹೆಚ್ಚಿದ್ದು ಸ್ಕ್ಯಾನ್‌ನಲ್ಲಿ ಕಂಡಿತು. ಹಳೆಯ ಶೂ ಎಸೆಯಬೇಡಿ, ಎರಡನ್ನೂ ಬದಲಿಸಿ ಹಾಕಿಕೊಳ್ಳಿ.

ಎರಡೂ ಮೀನಖಂಡ ಸಮವಾಗಿ ನೋಯುತ್ತಿದ್ದು ಎರಡು ದಿನದಲ್ಲಿ ಹೋದರೆ ಅದು ಮಾಮೂಲು. ಒಂದೇ ಕಾಲಿನಲ್ಲಿ ಬೆರಳಿಟ್ಟು ತೋರಿಸುವಂಥ ನೋವು, ಬೆಳಿಗ್ಗೆ ಎದ್ದಾಗ ಹಿಮ್ಮಡಿಯ ಹಿಂದೆ ಬಿಗಿತ, ಪಾದದ ಮೇಲ್ಭಾಗದ ಮೂಳೆ ಮುಟ್ಟಿದರೆ ನೋವು, ಕುಂಟುವಂತಾಗುವುದು: ಇದರಲ್ಲಿ ಯಾವುದಿದ್ದರೂ ಓಟ ನಿಲ್ಲಿಸಿ. ಮೂಳೆ ನೋವಾದರೆ ವೈದ್ಯರಿಗೆ ತೋರಿಸಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಓಡಿಕೊಂಡೇ ಸರಿಹೋಗುತ್ತದೆ ಅಂದುಕೊಂಡರೆ ನನ್ನ ಒಂದೂವರೆ ತಿಂಗಳು ನಿಮಗೆ ಮೂರು ತಿಂಗಳಾಗುತ್ತದೆ.

ಏರು ಹತ್ತುವಾಗ ಎಲ್ಲರೂ ಮುಂಗಾಲಿಗೆ ಬರುತ್ತಾರೆ, ಇಳಿಜಾರಿನಲ್ಲಿ ಹಿಮ್ಮಡಿಗೆ. ಅದನ್ನು ತಿದ್ದಬೇಡಿ. ಇಳಿಯುವಾಗ ಹೆಜ್ಜೆ ಮಾತ್ರ ಇನ್ನಷ್ಟು ಚಿಕ್ಕದು ಮಾಡಿ.

ಹಂತ 8: ಮತ್ತೆ ವಿಡಿಯೋ

ಎಂಟನೇ ವಾರಕ್ಕೆ ಅದೇ ಜಾಗ, ಅದೇ ಶೂ, ಅದೇ ವೇಗದಲ್ಲಿ ಇನ್ನೊಮ್ಮೆ ಶೂಟ್ ಮಾಡಿ. ಪಾದ ಮುಟ್ಟಿದ ಮೊದಲ ಫ್ರೇಮ್ ಹಿಡಿದು ಮಂಡಿಯಿಂದ ಗೆರೆ ಎಳೆದು, ಹಳೆಯದರ ಪಕ್ಕ ಇಡಿ. ನನ್ನ ಎರಡು ಚಿತ್ರಗಳಲ್ಲೂ ಹಿಮ್ಮಡಿಯೇ ಮೊದಲು ನೆಲ ಮುಟ್ಟಿದೆ. ಮೊದಲನೆಯದರಲ್ಲಿ ಪಾದ ಗೆರೆಯಿಂದ ಒಂದು ಗೇಣು ಮುಂದಿತ್ತು. ಎರಡನೆಯದರಲ್ಲಿ ಗೆರೆ ಹಿಮ್ಮಡಿಯ ಮೇಲೇ ಬಿದ್ದಿದೆ. ಮಂಡಿ ನೋವು ಬಂದು ಎರಡು ವರ್ಷದ ಮೇಲಾಯಿತು.